ಫ್ಯಾನು ಎಣಿಸುವುದರಿಂದ ಶುರು

ಗೋಕಾಕ ಫಾಲ್ಸ್ ನೋಡಲು ಹೋದವರು ತೂಗುಸೇತುವೆಯ ಮೇಲೆ ಫೋಟೊ ತೆಗೆಸಿಕೊಳ್ಳುತ್ತಾರೆ, ಕರದಂಟು ಕಟ್ಟಿಸಿಕೊಂಡು ಬಸ್ ಹತ್ತುತ್ತಾರೆ. ಬಂಡೆಯ ಬುಡದಲ್ಲಿರುವ ಹಳೆಯ ವಿದ್ಯುದಾಗಾರದ ಕಡೆ ಕಣ್ಣು ಹಾಯಿಸುವವರು ಕಡಿಮೆ. 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆಯ ಬಲವನ್ನು ನೂಲಿನ ಗಿರಣಿಗೆ ಹೂಡಬೇಕೆಂದು 1885ರಲ್ಲಿ ಇಲ್ಲೊಂದು ಕಂಪನಿ ಹುಟ್ಟಿತು. 1887ರಲ್ಲೇ ನಮ್ಮಲ್ಲಿ ನೀರಿನಿಂದ ಕರೆಂಟು ಬಂತು ಎಂಬುದು ಈ ಸೀಮೆಯವರ ಹೆಮ್ಮೆಯ ಮಾತು. ಮೈಸೂರು ಸೀಮೆಯ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದ್ದು 1902ರಲ್ಲಿ.

ಗಿರಣಿಯ ಗಾಲಿ ತಿರುಗಿದರೂ ಸುತ್ತಲಿನ ಹಳ್ಳಿಗಳಲ್ಲಿ ಚಿಮಣಿ ಬುಡ್ಡಿಯೇ ಉಳಿಯಿತು. ಪಕ್ಕದ ಹುಕ್ಕೇರಿ ತಾಲ್ಲೂಕು ಅದಕ್ಕೊಂದು ದಾರಿ ಕಂಡುಕೊಂಡಿತು. ದೇಶದಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿದ 1969ರ ಹೊತ್ತಿಗೆ, ಹಳ್ಳಿಯವರೇ ಸದಸ್ಯರಾಗಿ ಕರೆಂಟು ಹಂಚಿಕೊಳ್ಳುವ ಸಹಕಾರ ಸಂಘಗಳನ್ನು ಪ್ರಯೋಗಕ್ಕೆಂದು ಐದು ಕಡೆ ಕಟ್ಟಲಾಯಿತು. ಅಂದಿನ ಆಂಧ್ರದ ಸಿರಿಸಿಲ್ಲಾ, ಮಹಾರಾಷ್ಟ್ರದ ಮುಳಾ-ಪ್ರವರಾ, ಗುಜರಾತಿನ ಕೊಡಿನಾರ, ಉತ್ತರ ಪ್ರದೇಶದ ಲಖನೌ, ನಮ್ಮ ಹುಕ್ಕೇರಿ. ಐದರಲ್ಲಿ ಕೆಲವು ಕಣ್ಮುಚ್ಚಿದವು. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇಂದಿಗೂ ಕರೆಂಟು ಹಂಚುತ್ತಿದೆ. ಈ ಸಂಘದ ಮಾತು ಬಂದರೂ, ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯ ಮಾತು ಬಂದರೂ ಇಲ್ಲಿಯ ಹಿರಿಯರ ಬಾಯಲ್ಲಿ ಸಹಕಾರಿ ಧುರೀಣ ಅಪ್ಪಣಗೌಡ ಪಾಟೀಲರ ಹೆಸರು ಬರುತ್ತದೆ.

ಅದೇ ಹಿರಣ್ಯಕೇಶಿಯ 'ಹಿರಾ' ಹೊತ್ತ ಕಾಲೇಜು ಸಂಕೇಶ್ವರದ ಪಕ್ಕದ ನಿಡಸೋಸಿಯಲ್ಲಿದೆ. ದುರದುಂಡೀಶ್ವರ ಮಠದ ಊರು. ಪುಣೆ–ಬೆಂಗಳೂರು ಹೆದ್ದಾರಿಗೆ ಹತ್ತಿರ, ಸುತ್ತ ಕಬ್ಬು. ಹಿರಾಶುಗರ್ ತಾಂತ್ರಿಕ ಮಹಾವಿದ್ಯಾಲಯ ಶುರುವಾದದ್ದು 1996ರಲ್ಲಿ, ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಹುಟ್ಟುವುದಕ್ಕೆ ಎರಡು ವರ್ಷ ಮೊದಲು. ನೀರಿನ ಕರೆಂಟು, ಸಹಕಾರದ ಕರೆಂಟು, ಸಕ್ಕರೆಯ ಹೊಗೆ ಮೂರನ್ನೂ ನೋಡುತ್ತ ಬೆಳೆದ ಮಕ್ಕಳು ಬಂದು ಕೂರುವ ಬೆಂಚು ಇದು. ಇಂಥ ಹಳ್ಳಿಗಾಡಿನ ಕಾಲೇಜಿನಲ್ಲಿ 'ಶುದ್ಧ ಇಂಧನ' ಪುಸ್ತಕದಿಂದ ಹೊರಗೆ ಬಂದು ವಿದ್ಯಾರ್ಥಿಗಳ ಕೈಗೆ ಸಿಕ್ಕಿದ್ದು ಹೇಗೆ?

ಅದರ ಬೇರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಅಲ್ಲಿ ವಿದ್ಯುದ್ರಸಾಯನ ವಿಜ್ಞಾನಿಯಾಗಿದ್ದ ಅಮೂಲ್ಯ ಕೆ. ಎನ್. ರೆಡ್ಡಿ 1974ರಲ್ಲಿ ಹಳ್ಳಿಗಳ ತಂತ್ರಜ್ಞಾನಕ್ಕೆಂದೇ 'ಅಸ್ತ್ರ' ಕೇಂದ್ರ ಕಟ್ಟಿದರು. ಸೌದೆ ಉಳಿಸುವ ಅಸ್ತ್ರ ಒಲೆ ಬಂದದ್ದು ಅಲ್ಲಿಂದ. ಮರುವರ್ಷ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಹುಟ್ಟಿತು, ರೆಡ್ಡಿಯವರು ಅದರ ಕಾರ್ಯದರ್ಶಿಯಾದರು. 1977ರಲ್ಲಿ ಮಂಡಳಿ ಒಂದು ಸಣ್ಣ ಕೆಲಸಕ್ಕೆ ಕೈ ಹಾಕಿತು. ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೇಗೂ ಒಂದು ಪ್ರಾಜೆಕ್ಟ್ ಮಾಡಲೇಬೇಕು. ಅಂಕಕ್ಕಾಗಿ ಮಾಡಿ ಅಟ್ಟಕ್ಕೆ ಹಾಕುವ ಬದಲು ಊರಿನ ಯಾವುದಾದರೂ ತೊಡಕು ಬಿಡಿಸಲಿ, ಖರ್ಚಿಗೆ ಒಂದಿಷ್ಟು ಹಣ ನಾವು ಕೊಡೋಣ ಎಂಬ ಯೋಚನೆ. ಕಾಲೇಜುಗಳಿಂದ ಪ್ರಸ್ತಾವ ಬರಬೇಕು, ತಜ್ಞರು ಆರಿಸಬೇಕು, ನಡುವೆ ಬಂದು ನೋಡಬೇಕು, ಕೊನೆಗೆ ರಾಜ್ಯಮಟ್ಟದ ಪ್ರದರ್ಶನ. ಆ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ ಇವತ್ತಿಗೂ ವರ್ಷ ತಪ್ಪದೆ ನಡೆದಿದೆ. ಕೊಡುವುದು ಕೆಲವೇ ಸಾವಿರ ರೂಪಾಯಿ. ಹಳ್ಳಿಯ ಕಾಲೇಜಿನ ಹುಡುಗ ಹುಡುಗಿಯರಿಗೆ ಮೋಟರು, ಬ್ಯಾಟರಿ, ಪ್ಯಾನೆಲ್ ಕೊಳ್ಳಲು ಅದೇ ದೊಡ್ಡ ಆಸರೆ.

ಬರಬರುತ್ತ ವಿದ್ಯಾರ್ಥಿಗಳ ನೋಟ ತಾವು ಕೂತ ಕಟ್ಟಡದ ಕಡೆಗೇ ತಿರುಗಿತು. ಕ್ಯಾಂಪಸ್ ಅಂದರೆ ಒಂದು ಪುಟ್ಟ ಊರೇ: ಕ್ಲಾಸು, ಹಾಸ್ಟೆಲ್ಲು, ಬೋರ್‌ವೆಲ್ಲು, ಮೆಸ್ಸಿನ ಒಲೆ. ಇಲ್ಲಿಯ ಮೊದಲ ಪಾಠ ಎಣಿಕೆ. ಒಂದು ಕ್ಲಾಸಿನಲ್ಲಿ 75 ವ್ಯಾಟಿನ ಆರು ಫ್ಯಾನು ದಿನಕ್ಕೆ ಆರು ತಾಸು ತಿರುಗಿದರೆ 2.7 ಯೂನಿಟ್. ಅವುಗಳ ಜಾಗದಲ್ಲಿ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ 1.08 ಯೂನಿಟ್. ವರ್ಷಕ್ಕೆ 200 ದಿನ ಕ್ಲಾಸು ನಡೆದರೆ ಒಂದೇ ಕೋಣೆಯಲ್ಲಿ 324 ಯೂನಿಟ್ ಉಳಿತಾಯ. ಬಯಲುಸೀಮೆಯ ಬಿಸಿಲಿಗೆ ಒಂದು ಕಿಲೊವ್ಯಾಟ್ ಸೌರ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಅಂದರೆ ಆ ಕೋಣೆಯ ಉಳಿತಾಯ ಒಂದು ಕಿಲೊವ್ಯಾಟ್ ಫಲಕದ 81 ದಿನಗಳ ದುಡಿಮೆಗೆ ಸಮ. ಮಾಳಿಗೆಯ ಮೇಲೆ ಫಲಕ ಕೂರಿಸುವ ಮೊದಲು ಮಾಳಿಗೆಯ ಕೆಳಗೆ ತಿರುಗುವುದನ್ನು ಎಣಿಸಬೇಕು ಎಂಬುದು ಇದರಿಂದಲೇ ತಿಳಿಯುತ್ತದೆ. ಮೆಸ್ಸಿನ ಮುಸುರೆಯ ಲೆಕ್ಕವೂ ಹೀಗೇ. ಒಂದು ಘನ ಮೀಟರ್ ಬಯೊಗ್ಯಾಸು ಸುಮಾರು 450 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಾಟಿ. ದಿನದ ಮುಸುರೆಯಿಂದ ಎಷ್ಟು ಗ್ಯಾಸು ಬಂದೀತು, ತಿಂಗಳಿಗೆ ಎಷ್ಟು ಸಿಲಿಂಡರ್ ಉಳಿದೀತು ಎಂದು ತೂಗಿ ನೋಡಬಹುದು. ಹೊಲದಲ್ಲಿ ಸುಟ್ಟು ಹೋಗುವ ಕಬ್ಬಿನ ರವದಿ ಈ ಭಾಗದ ಮಕ್ಕಳಿಗೆ ಮನೆಯ ಪ್ರಶ್ನೆಯೂ ಹೌದು, ಪ್ರಾಜೆಕ್ಟಿನ ಪ್ರಶ್ನೆಯೂ ಹೌದು.

ಆದರೆ ವಿದ್ಯಾರ್ಥಿ ಪ್ರಾಜೆಕ್ಟಿಗೆ ಒಂದು ಹುಟ್ಟುರೋಗ ಇದೆ. ಮಾಡಿದವರು ಎಂಟನೇ ಸೆಮಿಸ್ಟರ್ ಮುಗಿಸಿ ಪುಣೆಗೋ ಬೆಂಗಳೂರಿಗೋ ಹೋಗುತ್ತಾರೆ. ಬ್ಯಾಟರಿಗೆ ನೀರು ಹಾಕುವವರಿಲ್ಲ, ಫಲಕದ ಮೇಲಿನ ಧೂಳು ಒರೆಸುವವರಿಲ್ಲ. ಮರುವರ್ಷದ ತಂಡ ಅದೇ ಕೆಲಸವನ್ನು ಹೊಸ ಹೆಸರಿಟ್ಟು ಮೊದಲಿನಿಂದ ಹಿಡಿಯುತ್ತದೆ.

ಇದಕ್ಕೆ ಮದ್ದು ದೂರದಲ್ಲಿಲ್ಲ. ಕುಣಿಗಲ್ ಬಳಿಯ ಪುರ ಎಂಬ ಸಣ್ಣ ಹಳ್ಳಿಯಲ್ಲಿ ರೆಡ್ಡಿಯವರ ಬಳಗ ಗೋಬರ್ ಗ್ಯಾಸಿನಿಂದ ಎಂಜಿನ್ ಓಡಿಸಿ 1987ರಿಂದ ಮನೆಗಳಿಗೆ ದೀಪ, ಕುಡಿಯುವ ನೀರು ಕೊಟ್ಟಿತು. ಮನೆಮನೆಯವರು ಸಗಣಿ ತಂದು ತೂಗಿಸಿ ಸುರಿದರು, ಗ್ಯಾಸು ತೆಗೆದು ಉಳಿದ ಗೊಬ್ಬರ ಅವರಿಗೇ ಮರಳಿತು, ಯಂತ್ರ ನೋಡಿಕೊಂಡವರು ಊರಿನ ಹುಡುಗರೇ. ಕೊಟ್ಟದ್ದು ಎಷ್ಟು, ಪಡೆದದ್ದು ಎಷ್ಟು ಎಂಬುದು ಎಲ್ಲರ ಕಣ್ಣೆದುರಿಗಿತ್ತು. ಹುಕ್ಕೇರಿಯ ಸಂಘದ್ದೂ ಇದೇ ದಾರಿ. ಸದಸ್ಯರು ಹೋಗುತ್ತಾರೆ, ಬರುತ್ತಾರೆ, ಸಂಘದ ವಹಿ ಮಾತ್ರ ಮುಂದುವರಿಯುತ್ತದೆ.

ಕ್ಯಾಂಪಸ್ಸಿಗೂ ಬೇಕಾದದ್ದು ಅಂಥದೊಂದು ವಹಿ. ಮೀಟರ್ ರೀಡಿಂಗ್, ಮೆಸ್ಸಿನ ಮುಸುರೆಯ ತೂಕ, ಫಲಕ ತೊಳೆದ ದಿನ, ಕೆಟ್ಟದ್ದು, ರಿಪೇರಿಯಾದದ್ದು ಎಲ್ಲ ಅದರಲ್ಲಿರಲಿ. ಎಂಟನೇ ಸೆಮಿಸ್ಟರ್‌ನವರು ಹಾಸ್ಟೆಲ್ ಖಾಲಿ ಮಾಡುವ ದಿನ ಕೋಣೆಯ ಕೀಲಿಕೈ ವಾರ್ಡನ್ ಕೈಗೆ ಹೋಗುವ ಹಾಗೆ ಈ ವಹಿ ಆರನೇ ಸೆಮಿಸ್ಟರ್‌ನವರ ಕೈಗೆ ಹೋಗಲಿ. ಬಂದವರು ಮೊದಲ ಪುಟ ತೆರೆದು, ಫ್ಯಾನುಗಳನ್ನು ಇನ್ನೊಮ್ಮೆ ಎಣಿಸಲಿ.