ಸೂರಿನಡಿಯ ಹ್ಯಾಂಗರ್: ನಂಬಿಕೆ ಏನು, ಸತ್ಯ ಏನು

ರಾಜಘಟ್ಟ ಮತ್ತು ಸುತ್ತಲಿನ ಊರುಗಳಿಂದ ದೊಡ್ಡಬಳ್ಳಾಪುರ ದಾಟಿ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶಕ್ಕೆ, ಅಪೆರಲ್ ಪಾರ್ಕಿಗೆ ಪಾಳಿ ಕೆಲಸಕ್ಕೆ ಹೋಗುವವರಿದ್ದಾರೆ. ಅಲ್ಲಿನಂಥ ದೊಡ್ಡ ಶೆಡ್ಡುಗಳಲ್ಲಿ, ಗೋದಾಮುಗಳಲ್ಲಿ ಸೂರಿನ ಕೆಳಗೆ ಕೆಂಪು ಬಣ್ಣದ ಪೈಪುಗಳು ಉದ್ದಕ್ಕೂ ಹಾದುಹೋಗಿರುತ್ತವೆ. ಬೆಂಕಿ ಬಿದ್ದಾಗ ತಾವಾಗಿಯೇ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಪೈಪುಗಳು ಅವು. ಬಟ್ಟೆ, ನೂಲು, ರಟ್ಟಿನ ಪೆಟ್ಟಿಗೆ ಒಟ್ಟಿದ ಕಡೆ ಕಿಡಿ ತಗುಲಿದರೆ ಉರಿ ಸೂರು ಮುಟ್ಟಲು ನಿಮಿಷಗಳು ಸಾಕು. ಅಗ್ನಿಶಾಮಕ ವಾಹನ ಬರುವ ತನಕ ಅದನ್ನು ತಡೆದು ನಿಲ್ಲಿಸಬೇಕಾದದ್ದು ಈ ಪೈಪುಗಳೇ. ಪಂಪು, ಟ್ಯಾಂಕು, ವಾಲ್ವುಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಪೈಪನ್ನು ಸೂರಿಗೆ ಹಿಡಿದಿರುವ ಹ್ಯಾಂಗರ್ ಬಗ್ಗೆ ಕೇಳುವವರು ಕಡಿಮೆ. ತಪ್ಪು ನಂಬಿಕೆಗಳು ಅದರ ಸುತ್ತ ಬೆಳೆದಿರುವುದೂ ಅದಕ್ಕೇ.

“ಪೈಪಿನ ಭಾರ ಹೊತ್ತರೆ ಸಾಕು”

ಇದು ಎಲ್ಲಕ್ಕಿಂತ ಅಪಾಯದ ನಂಬಿಕೆ. ನಾಲ್ಕಿಂಚಿನ ಉಕ್ಕಿನ ಪೈಪು ಖಾಲಿ ಇದ್ದಾಗ ಮೀಟರಿಗೆ ಸುಮಾರು 12 ಕೆ.ಜಿ. ತೂಗುತ್ತದೆ. ನೀರು ತುಂಬಿದರೆ ಇನ್ನೂ ಎಂಟೊಂಬತ್ತು ಕೆ.ಜಿ. ಸೇರುತ್ತದೆ. ಒಂದು ಹ್ಯಾಂಗರಿನಿಂದ ಇನ್ನೊಂದಕ್ಕೆ ನಾಲ್ಕೂವರೆ ಮೀಟರ್ ಅಂತರವಿದ್ದರೆ ಒಂದೊಂದರ ಪಾಲಿಗೂ 90 ಕೆ.ಜಿ.ಗಿಂತ ಹೆಚ್ಚು ಭಾರ ಬೀಳುತ್ತದೆ. ಹಾಗಾದರೆ ನೂರು ಕೆ.ಜಿ. ತಾಳುವ ಹ್ಯಾಂಗರ್ ಸಾಲದೇ ಎಂದು ಯಾರಿಗಾದರೂ ಅನ್ನಿಸಬಹುದು. ಸಾಲದು. ಅಮೆರಿಕದ ಎನ್‌ಎಫ್‌ಪಿಎ 13 ಮಾನದಂಡದ ಪ್ರಕಾರ, ನೀರು ತುಂಬಿದ ಪೈಪಿನ ಭಾರದ ಐದು ಪಟ್ಟು, ಅದರ ಮೇಲೆ ಇನ್ನೂ 114 ಕೆ.ಜಿ.ಯನ್ನು ಪ್ರತಿ ಹ್ಯಾಂಗರೂ ತಾಳಿಕೊಳ್ಳಬೇಕು. ನಮ್ಮ ಲೆಕ್ಕಕ್ಕೆ ಅದು ಸುಮಾರು 580 ಕೆ.ಜಿ. ಆಗುತ್ತದೆ.

ಇಷ್ಟು ಬಿಗಿ ಲೆಕ್ಕ ಏಕೆಂದರೆ, ಹ್ಯಾಂಗರಿನ ನಿಜವಾದ ಕೆಲಸ ಶುರುವಾಗುವುದೇ ಬೆಂಕಿ ಬಿದ್ದ ಮೇಲೆ. ಬಿಸಿಗೆ ಸ್ಪ್ರಿಂಕ್ಲರಿನ ಗಾಜಿನ ಬಲ್ಬು ಒಡೆಯುತ್ತದೆ; ಕೆಂಪು ಬಲ್ಬಾದರೆ 68 ಡಿಗ್ರಿ ಸೆಲ್ಸಿಯಸ್‌ಗೆ. ಒತ್ತಡ ಕುಸಿದದ್ದೇ ಪಂಪು ಚಾಲೂ ಆಗಿ, ನಿಂತಿದ್ದ ನೀರು ಒಮ್ಮೆಲೇ ನುಗ್ಗುತ್ತದೆ. ತಿರುವುಗಳಲ್ಲಿ ಪೈಪು ಪಕ್ಕಕ್ಕೆ ಎಳೆಯುತ್ತದೆ, ತುದಿಗಳಲ್ಲಿ ಒದೆಯುತ್ತದೆ. ಆ ಹೊತ್ತಿನಲ್ಲಿ ಒಂದು ಹ್ಯಾಂಗರ್ ಕಿತ್ತುಬಂದರೆ ಅದರ ಭಾರ ಅಕ್ಕಪಕ್ಕದವುಗಳ ಮೇಲೆ ಬೀಳುತ್ತದೆ, ಅವೂ ಸೋತರೆ ಸಾಲಿಗೆ ಸಾಲೇ ಕೆಳಗಿಳಿಯುತ್ತದೆ. ಪೈಪು ಜೋಡಣೆಯಲ್ಲಿ ಬಿಟ್ಟುಕೊಂಡರಂತೂ ನೀರೆಲ್ಲ ಅಲ್ಲೇ ಸುರಿದು, ಉರಿಯುವ ಜಾಗಕ್ಕೆ ತಲುಪುವುದೇ ಇಲ್ಲ.

ಪೈಪು ಕೆಳಕ್ಕೆ ಬೀಳದಂತೆ ಹಿಡಿದರಾಯಿತು ಎನ್ನುವುದೂ ಅರ್ಧ ಸತ್ಯ. ನೀರು ಕೆಳಮುಖವಾಗಿ ಹೊಮ್ಮುವ ಕ್ಷಣದಲ್ಲಿ ಪೈಪು ಮೇಲಕ್ಕೂ ಜಿಗಿಯಬಹುದು. ಫಾಲ್ಸ್ ಸೀಲಿಂಗ್ ಇರುವ ಕಚೇರಿಯಲ್ಲಿ ಹಾಗಾದರೆ ಸ್ಪ್ರಿಂಕ್ಲರ್ ತಲೆ ಸೀಲಿಂಗಿನ ಒಳಗೆ ಸರಿದು, ನೀರು ಹಲಗೆಯ ಮೇಲೆ ಹರಡುತ್ತದೆ, ಕೆಳಗೆ ಬೆಂಕಿ ಹಾಗೇ ಉರಿಯುತ್ತಿರುತ್ತದೆ. ಇಂಥ ಕಡೆ ಒತ್ತಡ ಸುಮಾರು 6.9 ಬಾರ್ ಮೀರುವುದಾದರೆ, ಪೈಪು ಮೇಲೇಳದಂತೆ ತಡೆಯುವ ಹ್ಯಾಂಗರನ್ನೇ ತುದಿಯಲ್ಲಿ ಹಾಕಬೇಕು ಎಂದು ಅದೇ ಮಾನದಂಡ ಹೇಳುತ್ತದೆ.

“ಎಲ್ಲಿ ಸಿಗಿಸಿದರೂ ಒಂದೇ”

ಕಾಂಕ್ರೀಟ್ ಸ್ಲ್ಯಾಬಿಗೆ ಸರಿಯಾಗಿ ಕೂತ ಆಂಕರ್ ಬೋಲ್ಟಿಗೂ ಟೊಳ್ಳು ಬ್ಲಾಕಿನ ಗೋಡೆಗೆ ಹೊಡೆದ ಬೋಲ್ಟಿಗೂ ಹೋಲಿಕೆಯಿಲ್ಲ. ತಗಡಿನ ಶೆಡ್ಡಿನಲ್ಲಿ ಇನ್ನೊಂದು ತೊಡಕು. ಅಲ್ಲಿನ ಪರ್ಲಿನ್‌ಗಳನ್ನು, ಅಂದರೆ ತಗಡು ಹೊರುವ ಅಡ್ಡಪಟ್ಟಿಗಳನ್ನು, ತೆಳು ಉಕ್ಕಿನ ಹಾಳೆ ಮಡಚಿ ಮಾಡಿರುತ್ತಾರೆ. ಅದರ ಅಂಚಿಗೆ ಕ್ಲ್ಯಾಂಪ್ ಕಚ್ಚಿಸಿ ಪೈಪು ತೂಗಿಬಿಟ್ಟರೆ ಅಂಚು ಬಾಗುತ್ತದೆ. ಶೆಡ್ಡಿನ ವಿನ್ಯಾಸ ಮಾಡುವಾಗಲೇ ಈ ಭಾರವನ್ನು ಲೆಕ್ಕಕ್ಕೆ ಹಿಡಿದಿರಬೇಕು. ಕಟ್ಟಿ ಮುಗಿದ ಮೇಲೆ ಸ್ಪ್ರಿಂಕ್ಲರ್ ಹಾಕಿಸುವವರು ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳದೆ ಮುಂದುವರಿಯಬಾರದು.

“ಪ್ಲಾಸ್ಟಿಕ್ ಟೈ ಗಟ್ಟಿ ಇರುತ್ತೆ”

ತಣ್ಣಗಿರುವಾಗ ಗಟ್ಟಿ, ನಿಜ. ಬೆಂಕಿಯ ಬಿಸಿ ಹೊಗೆ ಸೂರಿನ ಕೆಳಗೇ ಮೊದಲು ಕೂಡುವುದು. ಪಿವಿಸಿಯಂಥ ಪ್ಲಾಸ್ಟಿಕ್ ಸುಮಾರು 80 ಡಿಗ್ರಿಗೇ ಮೆತ್ತಗಾಗುತ್ತದೆ. 2005ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಸ್ಟೀವನೇಜ್ ಪಟ್ಟಣದ ಹ್ಯಾರೋ ಕೋರ್ಟ್ ಎಂಬ ವಸತಿ ಕಟ್ಟಡಕ್ಕೆ ಬೆಂಕಿ ಬಿತ್ತು. ಪ್ಲಾಸ್ಟಿಕ್ ಕವಚ ಕರಗಿ ಕೆಳಗೆ ಜೋತುಬಿದ್ದ ಕೇಬಲ್‌ಗಳು ಅಗ್ನಿಶಾಮಕ ಸಿಬ್ಬಂದಿಗೆ ಸಿಕ್ಕಿಕೊಂಡವು. ಆ ರಾತ್ರಿ ಇಬ್ಬರು ಸಿಬ್ಬಂದಿ ಪ್ರಾಣ ಬಿಟ್ಟರು. ಬೆಂಕಿಯಲ್ಲಿ ಬೇಗ ಕಳಚಿಬೀಳದಂಥ ಆಧಾರವನ್ನೇ ಕೇಬಲ್‌ಗಳಿಗೆ ಕೊಡಬೇಕೆಂಬ ನಿಯಮ ಆಮೇಲೆ ಬ್ರಿಟನ್ನಿನಲ್ಲಿ ಬಂತು. ಸ್ಪ್ರಿಂಕ್ಲರ್ ಹ್ಯಾಂಗರಿಗಂತೂ ಕಬ್ಬಿಣ ಅಥವಾ ಉಕ್ಕು ಬೇಕು. ಬೇರೆ ವಸ್ತುವಾದರೆ ಬೆಂಕಿ ಪರೀಕ್ಷೆಯಲ್ಲಿ ಗೆದ್ದಿರಬೇಕು. ಪ್ಲಾಸ್ಟಿಕ್ ಟೈ, ಬೈಂಡಿಂಗ್ ವೈರ್, ಹಗ್ಗ ಯಾವುದಕ್ಕೂ ಇಲ್ಲಿ ಜಾಗವಿಲ್ಲ.

“ಇನ್ನೊಂದು ವೈರ್ ಕಟ್ಟಿದರೆ ಏನಾಗುತ್ತೆ?”

ಕ್ಯಾಮೆರಾ ಕೇಬಲ್, ಟ್ಯೂಬ್‌ಲೈಟು, ಆಯುಧಪೂಜೆಯ ತೋರಣ, ಬಟ್ಟೆಯ ಬ್ಯಾನರು: ಕೈಗೆ ಸಿಕ್ಕಿದ ಪೈಪಿಗೆ ಇವನ್ನೆಲ್ಲ ಕಟ್ಟುವ ರೂಢಿಯಿದೆ. ಸ್ಪ್ರಿಂಕ್ಲರ್ ಪೈಪು ತನ್ನ ವ್ಯವಸ್ಥೆಯ ಭಾಗಗಳನ್ನು ಬಿಟ್ಟು ಬೇರೇನನ್ನೂ ಹೊರಬಾರದು ಎಂಬುದು ಸ್ಪಷ್ಟ ನಿಯಮ. ಇವತ್ತೊಂದು, ನಾಳೆಯೊಂದು ಕಟ್ಟುತ್ತ ಹೋದರೆ ಒದ್ದೆ ಸೀರೆಗಳ ಭಾರಕ್ಕೆ ಜಗ್ಗಿದ ಹಗ್ಗದಂತೆ ಪೈಪು ನಡುವೆ ಜಗ್ಗುತ್ತದೆ. ಜಗ್ಗಿದ ಕಡೆ, ಪೈಪು ಖಾಲಿ ಮಾಡಿದಾಗಲೂ ನೀರು ನಿಂತು ತುಕ್ಕು ಹಿಡಿಯುತ್ತದೆ. ಸ್ಪ್ರಿಂಕ್ಲರ್ ತಲೆ ಸೂರಿನಿಂದ ಇರಬೇಕಾದ ಅಂತರವೂ ತಪ್ಪುತ್ತದೆ. ಸಾಮಾನ್ಯ ಸಮತಟ್ಟು ಸೂರಿನಡಿ ಆ ಅಂತರ 25 ಮಿ.ಮೀ.ನಿಂದ 300 ಮಿ.ಮೀ. ಒಳಗಿರಬೇಕು. ತಲೆ ಅದಕ್ಕಿಂತ ಕೆಳಗಿಳಿದರೆ ಸೂರಿಗೆ ಅಂಟಿ ಹರಿಯುವ ಬಿಸಿ ಗಾಳಿ ಅದನ್ನು ತಡವಾಗಿ ತಾಗುತ್ತದೆ, ಬಲ್ಬು ಒಡೆಯುವುದೂ ತಡ.

“ಪ್ರೆಷರ್ ಟೆಸ್ಟ್ ಪಾಸಾಗಿದೆ, ಇನ್ನೇನು ಭಯ?”

ಸಾಮಾನ್ಯವಾಗಿ 13.8 ಬಾರ್ ಒತ್ತಡದಲ್ಲಿ ಎರಡು ಗಂಟೆ ನೀರು ನಿಲ್ಲಿಸಿ ನೋಡುವ ಪರೀಕ್ಷೆ ಇದು. ಜೋಡಣೆಗಳು ಸೋರುತ್ತವೆಯೋ ಇಲ್ಲವೋ ಎಂಬುದು ಇದರಿಂದ ಗೊತ್ತಾಗುತ್ತದೆ. ನೀರು ನುಗ್ಗುವಾಗಿನ ಎಳೆತ, ಬೆಂಕಿಯ ಬಿಸಿ, ಹತ್ತು ವರ್ಷದ ತುಕ್ಕು ಇವ್ಯಾವುವೂ ಈ ಪರೀಕ್ಷೆಯಲ್ಲಿ ಬರುವುದಿಲ್ಲ. ಬಣ್ಣ ಹಾಕುವ ಮಶೀನು, ಉಗಿಯ ಬಾಯ್ಲರು ಇರುವ ಘಟಕಗಳಲ್ಲಿ ತೇವದಿಂದ ಹ್ಯಾಂಗರಿನ ರಾಡುಗಳು ಬೇಗ ಸವೆಯುತ್ತವೆ. ಆದ್ದರಿಂದಲೇ ಹ್ಯಾಂಗರುಗಳನ್ನು ಕಾಲಕಾಲಕ್ಕೆ ನೆಲದ ಮೇಲೆ ನಿಂತೇ ಕಣ್ಣಾರೆ ನೋಡಿ ಪರಿಶೀಲಿಸುವ ಕ್ರಮವಿದೆ.

“ನಮ್ಮ ಕಡೆ ಭೂಕಂಪ ಆಗಲ್ಲ”

ಇದರಲ್ಲಿ ಸ್ವಲ್ಪ ಹುರುಳಿದೆ. ಭಾರತದ ಭೂಕಂಪ ಮಾನದಂಡ ಐಎಸ್ 1893ರ 2016ರ ಆವೃತ್ತಿ ಬೆಂಗಳೂರನ್ನು ಕಡಿಮೆ ಅಪಾಯದ ಎರಡನೇ ವಲಯದಲ್ಲಿಟ್ಟಿದೆ. 1994ರ ನಾರ್ತ್‌ರಿಜ್ ಭೂಕಂಪದಲ್ಲಿ ಲಾಸ್ ಏಂಜಲೀಸ್ ಬಳಿಯ ಆಲಿವ್ ವ್ಯೂ ಆಸ್ಪತ್ರೆಯ ಕಟ್ಟಡ ಬೀಳದೆ ನಿಂತಿತು, ಆದರೆ ಸ್ಪ್ರಿಂಕ್ಲರ್ ಮತ್ತು ಇತರ ನೀರಿನ ಪೈಪುಗಳು ಒಡೆದು ರೋಗಿಗಳನ್ನು ಸಾಗಿಸಬೇಕಾಯಿತು. ಅಷ್ಟು ನಡುಕ ಇಲ್ಲಿ ನಿರೀಕ್ಷೆಯಿಲ್ಲ. ಆದರೂ ನೀರಿನ ಎಳೆತವೇ ಪೈಪನ್ನು ಪಕ್ಕಕ್ಕೆ ಅಲುಗಿಸುವುದರಿಂದ ಮುಖ್ಯ ಪೈಪಿಗೆ ಅಡ್ಡ ಆಧಾರ ಇದ್ದರೆ ಒಳ್ಳೆಯದು.

ಶೆಡ್ಡಿನಲ್ಲಿ ದುಡಿಯುವವರಿಗೆ ಒಂದು ಮಾತು. ಏಣಿ ಹತ್ತಬೇಡಿ, ಪೈಪು ಮುಟ್ಟಬೇಡಿ, ಕೆಳಗಿನಿಂದಲೇ ತಲೆಯೆತ್ತಿ ನೋಡಿ. ಪೈಪು ಎಲ್ಲಾದರೂ ಜಗ್ಗಿದೆಯೇ, ರಾಡು ಓರೆಯಾಗಿದೆಯೇ, ನಟ್ಟು ಕಳಚಿದೆಯೇ, ಉಕ್ಕಿನ ಹ್ಯಾಂಗರ್ ಇರಬೇಕಾದಲ್ಲಿ ತಂತಿ ಸುತ್ತಿದೆಯೇ? ಕಂಡರೆ ಸೂಪರ್‌ವೈಸರಿಗೆ ಬಾಯಲ್ಲಿ ಹೇಳಿ ಸುಮ್ಮನಾಗದೆ ಸುರಕ್ಷತಾ ಸಮಿತಿಗೆ ಅಥವಾ ಸುರಕ್ಷತಾ ಅಧಿಕಾರಿಗೆ ಬರೆದು ಕೊಡಿ. ಮಾಲೀಕರು ಮುಂದಿನ ವಾರ್ಷಿಕ ನಿರ್ವಹಣೆಯ ಒಪ್ಪಂದ ಬರೆಯುವಾಗ ಪಂಪು, ವಾಲ್ವುಗಳ ಪಟ್ಟಿಗೆ ಹ್ಯಾಂಗರ್ ತಪಾಸಣೆಯನ್ನೂ ಸೇರಿಸಲಿ.