ದೂರದ ದೃಶ್ಯ, ನಡುಗುವ ಕೈ: ಜೂಮ್ ಕ್ಯಾಮೆರಾದಲ್ಲಿ ಚೌಕಟ್ಟು ಯಾರದು?

ಮಸರಕಲ್ (ದೇವದುರ್ಗ ತಾಲ್ಲೂಕು): ಹೊಲದ ಬದುವಿನ ಮೇಲೆ ನಿಂತು ನೂರು ಮೀಟರ್ ಆಚೆಗಿರುವ ಬೆಳ್ಳಕ್ಕಿಯೊಂದನ್ನು ಜೂಮ್ ಕ್ಯಾಮೆರಾದಲ್ಲಿ ಹಿಡಿಯಲು ಯತ್ನಿಸಿದವರಿಗೆ ಈ ಅನುಭವ ಹೊಸದಲ್ಲ. ಹಕ್ಕಿ ಪರದೆಯಲ್ಲಿ ಕಾಣಿಸುತ್ತದೆ, ಕೈ ತುಸು ಅಲುಗುತ್ತದೆ, ಹಕ್ಕಿ ಮಾಯವಾಗುತ್ತದೆ. ಮತ್ತೆ ಹುಡುಕಿ ಗುಂಡಿ ಒತ್ತುವಷ್ಟರಲ್ಲಿ ಅದು ಹಾರಿ ಹೋಗಿರುತ್ತದೆ.

ಇದಕ್ಕೆ ಕಾರಣ ಸರಳ ಲೆಕ್ಕದಲ್ಲಿದೆ. 2015ರಲ್ಲಿ ಬಂದ ನಿಕಾನ್ ಕೂಲ್‌ಪಿಕ್ಸ್ ಪಿ900 ಕ್ಯಾಮೆರಾ 83 ಪಟ್ಟು ಜೂಮ್ ಹೊಂದಿದ್ದು, ಅದರ ತುದಿ 2000 ಮಿ.ಮೀ. ಲೆನ್ಸ್‌ಗೆ ಸಮ. ಆ ಹಂತದಲ್ಲಿ ಕ್ಯಾಮೆರಾ ಕಾಣುವುದು ಅಡ್ಡಲಾಗಿ ಸುಮಾರು ಒಂದು ಡಿಗ್ರಿಯಷ್ಟನ್ನು ಮಾತ್ರ. ನೂರು ಮೀಟರ್ ದೂರದಲ್ಲಿ ಚೌಕಟ್ಟಿನ ಅಗಲ ಎರಡು ಮೀಟರ್‌ಗೂ ಕಡಿಮೆ. ಕೈ ಡಿಗ್ರಿಯ ಹತ್ತನೇ ಒಂದು ಭಾಗ ಅಲುಗಿದರೂ ದೃಶ್ಯ ಚೌಕಟ್ಟಿನ ಹತ್ತನೇ ಒಂದು ಭಾಗದಷ್ಟು ಸರಿಯುತ್ತದೆ.

ನಡುಕ ತಡೆಯುವ ಯಂತ್ರ

ಈ ತೊಂದರೆಗೆ ಪರಿಹಾರವಾಗಿ ಬಂದದ್ದು ಕಂಪನ ನಿಯಂತ್ರಣ ವ್ಯವಸ್ಥೆ. ಕ್ಯಾನನ್ ಸಂಸ್ಥೆ 1995ರಲ್ಲಿ ಇಂಥ ವ್ಯವಸ್ಥೆಯುಳ್ಳ 75-300 ಮಿ.ಮೀ. ಲೆನ್ಸನ್ನು ಮಾರುಕಟ್ಟೆಗೆ ತಂದಿತು. ಕ್ಯಾಮೆರಾದೊಳಗಿನ ಗೈರೊ ಸಂವೇದಕ ಕೈಯ ಅಲುಗಾಟವನ್ನು ಅಳೆಯುತ್ತದೆ. ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಲೆನ್ಸಿನ ಒಂದು ಗಾಜು, ಕೆಲವು ಕ್ಯಾಮೆರಾಗಳಲ್ಲಿ ಸಂವೇದಕ ಫಲಕವೇ, ಚಲಿಸಿ ಬಿಂಬವನ್ನು ಸ್ಥಿರಗೊಳಿಸುತ್ತದೆ.

ಹಳೆಯ ಸೂತ್ರದಂತೆ 2000 ಮಿ.ಮೀ.ಗೆ ಶಟರ್ ವೇಗ ಸೆಕೆಂಡಿನ 1/2000 ಭಾಗವಿರಬೇಕು. ಐದು ಹಂತದ ನಿಯಂತ್ರಣವಿದ್ದರೆ ಸುಮಾರು 1/60ಕ್ಕೆ ಇಳಿಸಬಹುದು ಎಂಬುದು ಲೆಕ್ಕ. ಆದರೆ ಈ ವ್ಯವಸ್ಥೆ ತಡೆಯುವುದು ಕೈಯ ನಡುಕವನ್ನೇ ಹೊರತು ಹಕ್ಕಿಯ ರೆಕ್ಕೆ ಬಡಿತವನ್ನಲ್ಲ. ಹಾರುವ ಹಕ್ಕಿಗೆ ವೇಗದ ಶಟರ್ ಬೇಕೇ ಬೇಕು. ರಾಯಚೂರಿನ ಬೇಸಿಗೆಯಲ್ಲಿ ನೆಲದಿಂದ ಏಳುವ ಬಿಸಿಗಾಳಿಯ ಅಲೆಗೂ ಇದರಲ್ಲಿ ಮದ್ದಿಲ್ಲ. ಅದಕ್ಕೆ ಮುಂಜಾವಿನ ತಂಪು ಹೊತ್ತೇ ಪರಿಹಾರ.

ಇಚ್ಛೆಗೂ ನಡುಕಕ್ಕೂ ಭೇದ ತಿಳಿಯದು

ನಿಜವಾದ ತೊಡಕು ಬೇರೆಡೆ ಇದೆ. ಛಾಯಾಗ್ರಾಹಕ ಉದ್ದೇಶಪೂರ್ವಕವಾಗಿ ಕ್ಯಾಮೆರಾ ಸರಿಸಿದನೋ, ಕೈ ತಾನಾಗಿ ನಡುಗಿತೋ ಎಂಬುದು ಯಂತ್ರಕ್ಕೆ ಖಚಿತವಾಗಿ ತಿಳಿಯದು. ಹಕ್ಕಿಯ ಮುಂದೆ ತುಸು ಜಾಗ ಬಿಡಲೆಂದು ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸಿದರೆ ಯಂತ್ರ ಅದನ್ನೂ ನಡುಕವೆಂದೇ ಎಣಿಸಿ ಹಿಡಿದೆಳೆಯಬಹುದು. ಗಾಜು ಚಲಿಸುವ ಮಿತಿ ಮುಗಿದೊಡನೆ ದೃಶ್ಯ ಥಟ್ಟನೆ ಜಿಗಿಯುತ್ತದೆ, ಹಾಕಿಕೊಂಡ ಚೌಕಟ್ಟು ಕೈತಪ್ಪುತ್ತದೆ.

ತಯಾರಕರಿಗೂ ಇದರ ಅರಿವಿದೆ. 2012ರ ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್50 ಕ್ಯಾಮೆರಾದಲ್ಲಿ ಇದಕ್ಕೆಂದೇ ಎರಡು ಗುಂಡಿಗಳಿದ್ದವು. ಒಂದು, ತಪ್ಪಿಹೋದ ವಸ್ತುವನ್ನು ಹುಡುಕಲು ಜೂಮನ್ನು ಕ್ಷಣಕಾಲ ಹಿಂದಕ್ಕೆ ಎಳೆಯುವುದು. ಇನ್ನೊಂದು, ಸಿಕ್ಕ ಚೌಕಟ್ಟನ್ನು ಅಲುಗದಂತೆ ಹಿಡಿಯುವುದು. ಪಕ್ಕಕ್ಕೆ ಚಲಿಸುವ ವಸ್ತುವನ್ನು ಹಿಂಬಾಲಿಸಲು ಅನೇಕ ಲೆನ್ಸ್‌ಗಳಲ್ಲಿ ಪ್ರತ್ಯೇಕ ವಿಧಾನವಿದೆ. ಅದರಲ್ಲಿ ಅಡ್ಡ ಚಲನೆಯನ್ನು ಬಿಟ್ಟುಕೊಟ್ಟು ಮೇಲೆ-ಕೆಳಗಿನ ನಡುಕವನ್ನಷ್ಟೇ ತಡೆಯಲಾಗುತ್ತದೆ.

ಸ್ಪಷ್ಟವಾದುದೆಲ್ಲ ಸತ್ಯವೇ?

ಈ ಸಮತೋಲನ ಹಕ್ಕಿ ಚಿತ್ರಕ್ಕಷ್ಟೇ ಸೀಮಿತವಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿ ಉಕ್ಕಿದಾಗ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿತು. ಅದೇ ದಿನಗಳಲ್ಲಿ ಇದೇ ತಾಲ್ಲೂಕಿನ ಬಾಲಕನೊಬ್ಬ ನೀರು ತುಂಬಿದ ಸೇತುವೆಯ ಮೇಲೆ ಮುಂದೆ ಓಡುತ್ತ ಆಂಬುಲೆನ್ಸ್‌ಗೆ ದಾರಿ ತೋರಿದ ವಿಡಿಯೊ ದೇಶದ ಗಮನ ಸೆಳೆಯಿತು. ಬಾಲಕ, ವಾಹನ, ಸುತ್ತಲಿನ ನೀರು ಮೂರೂ ಕಂಡಿದ್ದರಿಂದಲೇ ಅದು ನೋಡಿದವರಿಗೆ ಅರ್ಥವಾಯಿತು. ಬಾಲಕನ ಮುಖವನ್ನಷ್ಟೇ ಎಷ್ಟು ಸ್ಪಷ್ಟವಾಗಿ ಹಿಡಿದಿದ್ದರೂ ಆತನ ಸಾಹಸ ತಿಳಿಯುತ್ತಿರಲಿಲ್ಲ.

ಪ್ರವಾಹದ ವೇಳೆ ದಂಡೆಯಿಂದ ದೂರ ನಿಂತು ಚಿತ್ರ ತೆಗೆಯಲು ಜೂಮ್ ವರದಾನವೇ ಸರಿ. ಆದರೆ ಬಹುದೂರದಿಂದ ಬಿಗಿಯಾಗಿ ತೆಗೆದ ಚಿತ್ರದಲ್ಲಿ ಹಿಂದು-ಮುಂದಿನ ವಸ್ತುಗಳು ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ. ನದಿಯಿಂದ ಸಾಕಷ್ಟು ದೂರದಲ್ಲಿರುವ ಮನೆ ನೀರಿನಂಚಿನಲ್ಲೇ ನಿಂತಂತೆ ತೋರಬಹುದು. ಚಿತ್ರ ಸ್ಪಷ್ಟವಾಗಿದ್ದಷ್ಟೂ ಜನ ಅದನ್ನು ಹೆಚ್ಚು ನಂಬುತ್ತಾರೆ, ತಪ್ಪು ಕಲ್ಪನೆಯೂ ಅಷ್ಟೇ ಬೇಗ ಹರಡುತ್ತದೆ. ಆದ್ದರಿಂದ ಬಿಗಿ ಚಿತ್ರದ ಜತೆಗೆ ಸೇತುವೆಯ ಕಂಬ, ದಂಡೆ, ರಸ್ತೆ ಕಾಣುವಂಥ ಅಗಲ ಚಿತ್ರವೊಂದನ್ನೂ ತೆಗೆಯುವುದು ಒಳಿತು.

ಅಭ್ಯಾಸಕ್ಕೆ ಕೆಲವು ಸೂತ್ರ

* ಕಡಿಮೆ ಜೂಮ್‌ನಲ್ಲಿ ವಸ್ತುವನ್ನು ನಡುವೆ ತಂದುಕೊಂಡು ಹಂತಹಂತವಾಗಿ ಹತ್ತಿರಕ್ಕೆ ಎಳೆಯಿರಿ.
* ಗುಂಡಿಯನ್ನು ಅರ್ಧ ಒತ್ತಿ, ದೃಶ್ಯ ನೆಲೆಗೊಳ್ಳಲು ಒಂದು ಕ್ಷಣ ಕಾಯಿರಿ. ಬಳಿಕವೇ ಚೌಕಟ್ಟು ತೀರ್ಮಾನಿಸಿ.
* ನಾಲ್ಕೂ ಅಂಚಿನಲ್ಲಿ ತುಸು ಜಾಗ ಬಿಡಿ. ಡಿಜಿಟಲ್ ವಿಧಾನದ ಸ್ಥಿರೀಕರಣ ವಿಡಿಯೊದ ಅಂಚುಗಳನ್ನು ಕತ್ತರಿಸುತ್ತದೆ.
* ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿಯಿರಿ ಇಲ್ಲವೆ ಗೋಡೆ, ಮರಕ್ಕೆ ಒರಗಿ ನಿಲ್ಲಿ.
* ಗಟ್ಟಿಯಾದ ಟ್ರೈಪಾಡ್ ಮೇಲೆ ನಿಲ್ಲಿಸಿದಾಗ ಕ್ಯಾಮೆರಾದ ಕೈಪಿಡಿ ನೋಡಿ. ಹಲವು ಮಾದರಿಗಳಲ್ಲಿ ಕಂಪನ ನಿಯಂತ್ರಣವನ್ನು ಆರಿಸಬೇಕಾಗುತ್ತದೆ.

ಚಿತ್ರವನ್ನು ಅಲುಗದಂತೆ ಹಿಡಿಯುವ ಹೊಣೆಯನ್ನು ಯಂತ್ರಕ್ಕೆ ವಹಿಸಬಹುದು. ಅದರಲ್ಲಿ ಏನಿರಬೇಕು, ಏನಿರಬಾರದು ಎಂಬ ತೀರ್ಮಾನ ಮಾತ್ರ ಕ್ಯಾಮೆರಾ ಹಿಡಿದವರದೇ.