ಹುಲಿಗೆ ತಮ್ಮನ ಗುಂಡಿಗೆ

1943ರ ಏಪ್ರಿಲ್ 24. ಟ್ಯುನೀಷಿಯಾದ ಗುಡ್ಡಗಳ ನಡುವೆ ಜರ್ಮನ್ನರ ಟೈಗರ್ ಟ್ಯಾಂಕೊಂದು ಕಾದಾಡುತ್ತಿತ್ತು. 56 ಟನ್‌ಗೂ ಮೀರಿದ ತೂಕ, 88 ಮಿಲಿಮೀಟರ್ ಫಿರಂಗಿ, ಮುಂಭಾಗದಲ್ಲಿ ಒಂದು ಗೇಣಿಗೆ ಅರ್ಧದಷ್ಟು ದಪ್ಪದ ಉಕ್ಕು. ಬ್ರಿಟಿಷರ ಗುಂಡೊಂದು ಬಂದು ಆ ಫಿರಂಗಿಯ ನಳಿಗೆಯ ಅಡಿಭಾಗಕ್ಕೆ ತಾಗಿತು. ತಾಗಿ ಸಿಡಿದುಹೋಗಿದ್ದರೆ ಕತೆಯೇ ಇರುತ್ತಿರಲಿಲ್ಲ. ಅದು ಕೆಳಮುಖವಾಗಿ ಜಾರಿ, ಗೋಪುರಕ್ಕೂ ಮೈಗೂ ನಡುವಿನ ಸಂದಿಯಲ್ಲಿ ಬೆಣೆಯಂತೆ ಸಿಕ್ಕಿಕೊಂಡಿತು. ಗೋಪುರ ತಿರುಗದಾಯಿತು. ಒಳಗಿದ್ದವರು ಟ್ಯಾಂಕನ್ನು ಬಿಟ್ಟು ಓಡಿದರು. ಹೋಗುವ ಮುಂಚೆ ಅದನ್ನು ಸಿಡಿಸಿ ಹಾಳುಮಾಡಲೂ ಇಲ್ಲ. ಗೋಪುರದ ಮೇಲೆ ಕೆಂಪು ಅಂಕಿಗಳಲ್ಲಿ 131 ಎಂದು ಬರೆದಿತ್ತು. ಹುಲಿ ಹೆಚ್ಚುಕಡಿಮೆ ಇಡಿಯಾಗಿಯೇ ಬಲೆಗೆ ಬಿದ್ದಿತ್ತು.

ಆ ಹುಲಿಗೆ ಮೊದಲ ಚಿಕಿತ್ಸೆ ಟ್ಯುನೀಷಿಯಾದಲ್ಲೇ ನಡೆಯಿತು. ಬ್ರಿಟಿಷ್ ಸೇನೆಯ ಮೆಕ್ಯಾನಿಕ್‌ಗಳಿಗೆ ಜರ್ಮನ್ ಸ್ಪೇರ್ ಪಾರ್ಟು ಕೊಡುವ ಅಂಗಡಿ ಎಲ್ಲಿತ್ತು? ಸುತ್ತಮುತ್ತ ನಾಶವಾಗಿ ಬಿದ್ದಿದ್ದ ಬೇರೆ ಟೈಗರ್‌ಗಳೇ ಅವರ ಗುಜರಿಯಾದವು. ಸತ್ತವುಗಳ ಭಾಗ ಬಿಚ್ಚಿ ತಂದು ಬದುಕಿದ್ದಕ್ಕೆ ಜೋಡಿಸಿದರು. ಕೆಲವೇ ವಾರಗಳಲ್ಲಿ ಟ್ಯಾಂಕು ತನ್ನ ಕಾಲ ಮೇಲೆ ನಿಂತಿತು. ಟ್ಯೂನಿಸ್ ನಗರಕ್ಕೆ ಬಂದ ಚರ್ಚಿಲ್ ಅದನ್ನು ನೋಡಿದರು, ಆರನೇ ಜಾರ್ಜ್ ದೊರೆಯೂ ನೋಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಅದು ಹಡಗೇರಿ ಇಂಗ್ಲೆಂಡಿಗೆ ಹೋಯಿತು.

ಇಂಗ್ಲೆಂಡಿನಲ್ಲಿ ಅದನ್ನು ಮೊದಲು ಜನರಿಗೆ ತೋರಿಸಿದರು. ಆಮೇಲೆ ಅದು ಟ್ಯಾಂಕ್ ತಂತ್ರಜ್ಞಾನ ಶಾಲೆಯವರ ಕೈಗೆ ಬಂತು. ಶತ್ರುವಿನ ಯಂತ್ರ ಎದುರಿಗಿದ್ದಾಗ ಎಂಜಿನಿಯರುಗಳು ಸುಮ್ಮನಿರುವವರಲ್ಲ. ಅವರು ಒಂದೊಂದನ್ನೂ ಬಿಚ್ಚಿದರು, ಅಳೆದರು, ಬರೆದಿಟ್ಟರು. ಮೇಬಾಕ್ ಕಂಪನಿಯ ಹನ್ನೆರಡು ಸಿಲಿಂಡರಿನ ಎಂಜಿನ್ನಿಗೂ ಕೊನೆಗೆ ಇದೇ ಗತಿ ಬಂತು. ಹೊಟ್ಟೆಯೊಳಗಿನ ಪಿಸ್ಟನ್, ವಾಲ್ವುಗಳೆಲ್ಲ ನೋಡುವವರಿಗೆ ಕಾಣಲೆಂದು ಅದನ್ನು ಹಲಸಿನ ಹಣ್ಣಿನಂತೆ ಕೊಯ್ದಿಟ್ಟರು. ಆ ಎಂಜಿನ್ ಪಾಠವಾಗಿ ಉಳಿಯಿತು, ಎಂಜಿನ್ನಾಗಿ ಉಳಿಯಲಿಲ್ಲ.

1951ರಲ್ಲಿ ಟೈಗರ್ 131 ಡಾರ್ಸೆಟ್ ಪ್ರಾಂತದ ಬೋವಿಂಗ್ಟನ್ನಿನ ಟ್ಯಾಂಕ್ ಮ್ಯೂಸಿಯಂ ಸೇರಿತು. ಅಲ್ಲಿ ನಾಲ್ಕು ದಶಕ ಕಲ್ಲಿನ ಬಸವನಂತೆ ನಿಂತಿತ್ತು. ಮಕ್ಕಳು ಬಂದು ಬೆರಗಿನಿಂದ ನೋಡಿ ಹೋಗುತ್ತಿದ್ದರು. ಜರ್ಮನ್ನರು ಕಟ್ಟಿದ ಸುಮಾರು 1,350 ಟೈಗರ್‌ಗಳಲ್ಲಿ ಜಗತ್ತಿನಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು, ಓಡುವುದಂತೂ ಒಂದೂ ಇರಲಿಲ್ಲ. 1990ರಲ್ಲಿ ಮ್ಯೂಸಿಯಂನವರು ಮತ್ತು ಸೇನೆಯ ದುರಸ್ತಿ ಸಂಸ್ಥೆಯವರು ಅದನ್ನು ಪ್ರದರ್ಶನದಿಂದ ಇಳಿಸಿದರು. ಈ ಹುಲಿ ಮತ್ತೆ ನಡೆಯಬೇಕು ಎಂದು ಹಟ ತೊಟ್ಟರು.

ಹಟವೇನೋ ಸುಲಭ, ಕೆಲಸವಲ್ಲ. ಟ್ಯಾಂಕನ್ನು ಹೆಚ್ಚುಕಡಿಮೆ ಪೂರ್ತಿ ಬಿಚ್ಚಬೇಕಾಯಿತು. ಟೈಗರಿನ ಒಂದೊಂದು ಪಕ್ಕದಲ್ಲೂ ಎಂಟೆಂಟು ಅಚ್ಚು, ಒಂದೊಂದು ಅಚ್ಚಿಗೆ ಮೂರು ಚಕ್ರ. ಅವು ಸಾಲಾಗಿ ನಿಂತಿರುವುದಿಲ್ಲ. ವೀಳ್ಯದೆಲೆಯ ಕವಳಿಗೆಯಂತೆ ಒಂದರ ಮೇಲೊಂದು ಹಾದು ಕೂತಿರುತ್ತವೆ. ಭಾರ ಹಂಚಿಹೋಗಿ ಸವಾರಿ ಹಗುರಾಗಲೆಂದು ಮಾಡಿದ ಉಪಾಯ ಅದು. ಆದರೆ ಒಳಗಿನ ಒಂದು ಚಕ್ರ ಕೆಟ್ಟರೆ ಅದರ ಮುಂದಿರುವ ಹೊರಚಕ್ರಗಳನ್ನೆಲ್ಲ ಕಳಚದೆ ಕೈ ಹೋಗದು. ಯುದ್ಧಕಾಲದಲ್ಲಿ ಕೆಸರು, ಹಿಮದ ನಡುವೆ ಈ ಕೆಲಸ ಮಾಡಿದ ಜರ್ಮನ್ ಸೈನಿಕರು ಶಪಿಸಿದ್ದೇಕೆಂದು ಅರ್ಥವಾಗಲು ಸ್ಪ್ಯಾನರು ಹಿಡಿದು ಅರ್ಧ ದಿನ ಕೂತರೆ ಸಾಕಿತ್ತು.

ಬೇರೆ ಭಾಗಗಳಿಗೆ ಹೇಗೋ ದಾರಿಯಿತ್ತು. ಹಳೆಯ ಯಂತ್ರ ಎಬ್ಬಿಸುವವರ ಲೋಕದಲ್ಲಿ ಸಿಗದ ಪಾರ್ಟಿಗೆ ಮೂರೇ ಗತಿ: ಸವೆದದ್ದನ್ನೇ ಸರಿಮಾಡುವುದು, ಅಳತೆ ತೆಗೆದು ಲೇತಿನಲ್ಲಿ ಹೊಸದು ಮಾಡುವುದು, ಇಲ್ಲವೇ ಇನ್ನೊಂದು ಗಾಡಿಯಿಂದ ಬಿಚ್ಚಿ ತರುವುದು. ಎಂಜಿನ್ನಿನ ವಿಷಯದಲ್ಲಿ ಮೊದಲೆರಡೂ ನಡೆಯುವಂತಿರಲಿಲ್ಲ. ಕೊಯ್ದ ಎಂಜಿನ್ನನ್ನು ಮತ್ತೆ ಕೂಡಿಸಲಾಗದು. 21 ಲೀಟರಿನ ಅಲ್ಯೂಮಿನಿಯಂ ಮೈಯನ್ನು ಹೊಸದಾಗಿ ಎರಕ ಹೊಯ್ಯುವುದು ಕಾರ್ಖಾನೆಯ ಕೆಲಸವೇ ಹೊರತು ಮ್ಯೂಸಿಯಂನ ಕೆಲಸವಲ್ಲ. ಅದು ಎಚ್‌ಎಲ್ 210 ಎಂಬ ಮಾದರಿ, ಮೊದಲ 250 ಟೈಗರ್‌ಗಳಿಗೆ ಮಾತ್ರ ಕೂರಿಸಿದ್ದು. ಮಾರುಕಟ್ಟೆಯಲ್ಲಿ ಹುಡುಕುವ ಮಾತೇ ಇರಲಿಲ್ಲ.

ಉತ್ತರ ದೂರದಲ್ಲಿರಲಿಲ್ಲ, ಅದೇ ಮ್ಯೂಸಿಯಂನ ಸೂರಿನಡಿ ಇತ್ತು. ಟೈಗರಿನ ನಂತರ ಹುಟ್ಟಿದ, ಅದಕ್ಕಿಂತ ಭಾರಿ ಮೈಕಟ್ಟಿನ ತಮ್ಮ ಟೈಗರ್ 2. ಅದರ ಹೊಟ್ಟೆಯಲ್ಲಿ ಮೇಬಾಕ್ ಕಂಪನಿಯದೇ ಎಚ್‌ಎಲ್ 230 ಎಂಜಿನ್ ಇತ್ತು. ಅಣ್ಣನನ್ನು ಬದುಕಿಸಲು ತಮ್ಮನ ಗುಂಡಿಗೆ ತೆಗೆಯಬೇಕು. ಇದ್ದದ್ದನ್ನು ಇದ್ದಂತೆ ಕಾಪಾಡುವುದೇ ಮ್ಯೂಸಿಯಂನ ಧರ್ಮವಾದ್ದರಿಂದ ಇದು ಚಿಕ್ಕ ತೀರ್ಮಾನವಲ್ಲ. ಆದರೂ ತೆಗೆದರು. ಟೈಗರ್‌ನ ಎಂಜಿನ್ ಕೋಣೆ ಬೆಂಕಿಗೆ ಹೆಸರಾದದ್ದು. ಅಲ್ಲಿ ಈ ಕಾಲದ ಅಗ್ನಿಶಾಮಕ ವ್ಯವಸ್ಥೆಯನ್ನೂ ಇಟ್ಟರು. ಎಂಜಿನ್ ಎಷ್ಟು ಸವೆಯುತ್ತದೆ, ಹೇಗೆ ಓಡುತ್ತದೆ ಎಂದು ಲೋಹತಜ್ಞರು ಪರೀಕ್ಷಿಸಿದರು. ಹಿಂದೆ ಎಂಜಿನ್ನನ್ನು ಕೊಂದಿದ್ದ ಕುತೂಹಲವೇ ಈಗ ಎಂಜಿನ್ನನ್ನು ಕಾಯುತ್ತಿತ್ತು.

ಬಿಚ್ಚಲು ತೊಡಗಿ ಹದಿಮೂರು ವರ್ಷ ಕಳೆದಿತ್ತು. 2003ರ ಡಿಸೆಂಬರಿನಲ್ಲಿ ಟೈಗರ್ 131 ಜೀವಂತ ಎಂಜಿನ್ನಿನೊಂದಿಗೆ ಮ್ಯೂಸಿಯಂಗೆ ಮರಳಿತು. ಜಗತ್ತಿನಲ್ಲಿ ತನ್ನ ಶಕ್ತಿಯಿಂದ ನಡೆಯುವ ಟೈಗರ್ ಅದೊಂದೇ ಆಯಿತು. ಆಮೇಲೂ ಕೆಲಸ ನಿಲ್ಲಲಿಲ್ಲ. ಟ್ಯುನೀಷಿಯಾದಲ್ಲಿದ್ದ ಬಣ್ಣ ಮತ್ತೆ ಮೈಗೆ ಬಂದು, ಎಲ್ಲ ಮುಗಿಯುವ ಹೊತ್ತಿಗೆ 2012 ಆಗಿತ್ತು. ಮರುವರ್ಷ ಅದು ‘ಫ್ಯೂರಿ’ ಚಿತ್ರದ ಕ್ಯಾಮೆರಾ ಮುಂದೆ ನಡೆಯಿತು. ದಶಕಗಳಿಂದ ವೇಷ ಹಾಕಿದ ಬೇರೆ ಟ್ಯಾಂಕುಗಳನ್ನೇ ಟೈಗರ್ ಎಂದು ತೋರಿಸುತ್ತಿದ್ದ ಸಿನಿಮಾಕ್ಕೆ ಅಸಲಿ ಹುಲಿ ಸಿಕ್ಕಿತ್ತು.

ಅಷ್ಟರಲ್ಲಿ ಇನ್ನೊಂದು ಅಚ್ಚರಿ ಕಾದಿತ್ತು. ಟ್ಯಾಂಕಿನ ಕತೆಯಲ್ಲೇ ಒಂದು ತಪ್ಪು ಪಾರ್ಟು ಕೂತಿತ್ತು. ಅದು ಸೆರೆಸಿಕ್ಕದ್ದು ಜೆಬೆಲ್ ಜಾಫಾ ಗುಡ್ಡದಲ್ಲಿ ಎಂದು ಅರ್ಧ ಶತಮಾನಕ್ಕೂ ಮಿಕ್ಕಿ ಎಲ್ಲರೂ ನಂಬಿದ್ದರು. ಆ ಯುದ್ಧದಲ್ಲಿ ಹೋರಾಡಿದ ಸೈನಿಕನೊಬ್ಬನ ಮಗ, ಅಪ್ಪ ಹೇಳಿದ್ದ ನೆನಪುಗಳ ಜಾಡು ಹಿಡಿದು ಹೊರಟ. ಹುಡುಕಾಟ ಗೆರಿಯತ್ ಎಲ್ ಅತಾಶ್ ಎಂಬ ಬೇರೆಯೇ ಗುಡ್ಡಕ್ಕೆ ಕರೆದೊಯ್ದಿತು. ಎಂಜಿನ್ನಿನಂತೆ ಕತೆಯನ್ನೂ ಬಿಚ್ಚಿ, ಸರಿಯಾದ ಭಾಗ ಹುಡುಕಿ ಜೋಡಿಸಬೇಕಾಯಿತು. ಬದಲಾಗದೆ ಉಳಿದದ್ದು ಗುಂಡಿನ ಗಾಯ ಮಾತ್ರ. ನಳಿಗೆಯ ಅಡಿಯ ಆ ತಗ್ಗನ್ನು ಯಾರೂ ಮುಚ್ಚಲಿಲ್ಲ.

ತಮ್ಮನ ಗುಂಡಿಗೆ ಅಣ್ಣನ ಎದೆಗೂಡಿನಲ್ಲಿ ಹಿಡಿಸಿದ್ದು ಹೇಗೆ? ಗುಟ್ಟು ಮೇಬಾಕ್ ಕಾರ್ಖಾನೆಯಲ್ಲಿತ್ತು. ಟೈಗರಿಗೆ ಇನ್ನಷ್ಟು ಬಲ ಬೇಕೆಂದಾಗ ಅಲ್ಲಿನವರು ಹೊಸ ಎಂಜಿನ್ ಕಟ್ಟಲಿಲ್ಲ, ಹಳೆಯದನ್ನೇ ಬೆಳೆಸಿದರು. ಪಿಸ್ಟನ್ ಏರಿಳಿಯುವ ದೂರ 145 ಮಿಲಿಮೀಟರ್ ಇದ್ದದ್ದು ಹಾಗೇ ಉಳಿಯಿತು. ಸಿಲಿಂಡರಿನ ಅಗಲ 125ರಿಂದ 130 ಮಿಲಿಮೀಟರಿಗೆ ಏರಿತು. ಅಲ್ಯೂಮಿನಿಯಂ ಹೋಗಿ ಎರಕದ ಕಬ್ಬಿಣ ಬಂತು. 21 ಲೀಟರ್ 23 ಆಯಿತು. 251ನೇ ಟೈಗರಿನಿಂದ ಮುಂದೆ ಈ ಎಂಜಿನ್ನೇ ಕೂತಿತು, ಅದರ ಇನ್ನೊಂದು ಬಗೆ ಟೈಗರ್ 2ರ ಪಾಲಾಯಿತು. ಹೊಟ್ಟೆಯಲ್ಲಿ ಬರೀ 5 ಮಿಲಿಮೀಟರ್ ಹಿಗ್ಗಿದ ಆ ಎಂಜಿನ್ ಅರವತ್ತು ವರ್ಷದ ನಂತರ ಅಣ್ಣನ ಮನೆಗೆ ಬಂದಾಗ, ಆ ಮನೆಯ ಅಳತೆ ಅದಕ್ಕೆ ಹುಟ್ಟಿನಿಂದಲೇ ಗೊತ್ತಿತ್ತು.